ಕಾರು 30 ಮಿಮೀ ತಗ್ಗಬೇಕು, ಟಯರ್ ಉಜ್ಜಬಾರದು, ಸೊಂಟಕ್ಕೂ ಏಟು ಬೀಳಬಾರದು

ಕಾರು ತಗ್ಗಿಸಲು ಹೊರಟವರು ಮೊದಲು ನೋಡುವುದು ಟಯರಿಗೂ ಮಡ್‌ಗಾರ್ಡಿಗೂ ನಡುವಿನ ಸಂದನ್ನು. ನಿಜವಾಗಿ ನೋಡಬೇಕಾದ ಸಂದು ಬೇರೆಯೇ ಇದೆ. ಶಾಕ್ ಅಬ್ಸಾರ್ಬರ್ ರಾಡಿನ ಮೇಲ್ತುದಿಯಲ್ಲಿ ಗಟ್ಟಿ ಸ್ಪಂಜಿನಂಥ ಒಂದು ತುಂಡು ಇರುತ್ತದೆ, ಬಂಪ್ ಸ್ಟಾಪ್. ಕಾರು ನೆಲದ ಮೇಲೆ ನಿಂತಾಗ ಅದರ ಕೆಳತುದಿಗೂ ಶಾಕಿನ ಬಾಡಿಗೂ ನಡುವೆ ಉಳಿಯುವ ಜಾಗವೇ ಆ ಸಂದು. ಸಣ್ಣ ಕಾರುಗಳಲ್ಲಿ ಮುಂದುಗಡೆ ಇದು ನಾಲ್ಕಾರು ಸೆಂಟಿಮೀಟರ್ ಇದ್ದರೆ ಹೆಚ್ಚು. ನೀವು 30 ಮಿಮೀ ತಗ್ಗಿಸಿದರೆ ಆ 30 ಮಿಮೀ ಪೂರ್ತಿ ಇಲ್ಲಿಂದಲೇ ಹೋಗುತ್ತದೆ. ಆಮೇಲೆ ಪ್ರತಿ ಗುಂಡಿಗೂ ಶಾಕಿನ ಬಾಡಿ ಬಂಪ್ ಸ್ಟಾಪಿಗೆ ಗುದ್ದುತ್ತದೆ. 'ಸ್ಪ್ರಿಂಗ್ ಬಿರುಸು' ಎಂದು ಜನ ಬೈಯುವುದು ಬಹುಪಾಲು ಈ ಗುದ್ದನ್ನೇ. ಚಕ್ರ ಮಡ್‌ಗಾರ್ಡಿನೊಳಗೆ ಎಷ್ಟು ಮೇಲೆ ಏರಬಹುದು ಎಂಬುದನ್ನು ತೀರ್ಮಾನಿಸುವುದೂ ಇದೇ ಬಂಪ್ ಸ್ಟಾಪ್. ಹಾಗಾಗಿ ಟಯರ್ ಉಜ್ಜುವುದು, ಸವಾರಿ ಕೆಡುವುದು ಎರಡು ಬೇರೆ ಸಮಸ್ಯೆಗಳಲ್ಲ. ಒಂದನ್ನು ಮುಟ್ಟಿದರೆ ಇನ್ನೊಂದು ಅಲುಗಾಡುತ್ತದೆ.

ಇಲ್ಲಿ ಹೇಳುವುದೆಲ್ಲ ಮುಂಬಯಿ, ಪುಣೆ, ಗೋವಾದಲ್ಲಿ ಓಡುವ ಮನೆಬಳಕೆಯ ಕಾರಿಗೆ. ವಾರವೆಲ್ಲ ಆಫೀಸಿಗೆ ಹೋಗಿ, ಚೌತಿಗೆ ಮನೆಮಂದಿಯನ್ನು ತುಂಬಿಕೊಂಡು ಉಡುಪಿಗೋ ಹುಬ್ಬಳ್ಳಿಗೋ ಹೋಗಬೇಕಾದ ಕಾರು. ಪ್ರದರ್ಶನಕ್ಕೆ ನಿಲ್ಲಿಸುವ ಕಾರಿಗೆ ಈ ಲೆಕ್ಕ ಬೇಡ.

ಎಷ್ಟು ತಗ್ಗಿಸಬೇಕು

ಮುಂದೆ 25ರಿಂದ 30 ಮಿಮೀ, ಹಿಂದೆ 20ರಿಂದ 25 ಮಿಮೀ. ಇದಕ್ಕಿಂತ ಹೆಚ್ಚಿಗೆ ಹೋಗಬೇಡಿ. ಕಾರಣ ರಸ್ತೆಯಲ್ಲೇ ಇದೆ.

ರಸ್ತೆಗಳ ಮಾನದಂಡ ಬರೆಯುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ 17 ಮೀಟರ್ ತ್ರಿಜ್ಯದ ಕಮಾನು. ಅಗಲ 3.7 ಮೀಟರ್, ಎತ್ತರ 10 ಸೆಂಮೀ. ಸ್ವಿಫ್ಟ್‌ನಂಥ 2450 ಮಿಮೀ ವೀಲ್‌ಬೇಸಿನ (ಮುಂದಿನ, ಹಿಂದಿನ ಚಕ್ರಗಳ ನಡುವಿನ ದೂರ) ಕಾರು ಅದರ ಮೇಲೆ ನಿಂತರೆ ನಾಲ್ಕೂ ಚಕ್ರ ಹಂಪಿನ ಮೇಲೆಯೇ ಇರುತ್ತವೆ, ಹೊಟ್ಟೆಯ ಕೆಳಗೆ ಹಂಪ್ ಉಬ್ಬುವುದು ಬರೀ 44 ಮಿಮೀ. ಚೆನ್ನಾಗಿ ತಗ್ಗಿಸಿದ ಕಾರೂ ಇದನ್ನು ಸಲೀಸಾಗಿ ದಾಟುತ್ತದೆ. ತೊಂದರೆ ಸೊಸೈಟಿ ಗೇಟಿನ ಮುಂದೆ, ಪುಣೆಯ ಗಲ್ಲಿಗಳಲ್ಲಿ ಯಾರೋ ಒಂದು ಗಾಡಿ ಡಾಂಬರು ಸುರಿದು ಕಟ್ಟಿದ ಅರ್ಧ ಮೀಟರ್ ಅಗಲದ ದಿಬ್ಬಗಳದು. ಅವು 10 ಸೆಂಮೀ ಎತ್ತರವಿದ್ದರೆ ಅಷ್ಟೂ ಹೊಟ್ಟೆಗೇ ಬರುತ್ತದೆ. 163 ಮಿಮೀ ಗ್ರೌಂಡ್ ಕ್ಲಿಯರೆನ್ಸಿನ ಕಾರನ್ನು 30 ತಗ್ಗಿಸಿದರೆ 133 ಉಳಿಯಿತು, ದಿಬ್ಬ ಕಳೆದರೆ 33. ಹಿಂದೆ ಮೂವರು ಕೂತು ಡಿಕ್ಕಿ ತುಂಬಿದಾಗ ಹಿಂಭಾಗ ನಾಲ್ಕು ಸೆಂಮೀ ಕುಸಿಯುತ್ತದೆ, ಅದರ ಅರ್ಧ ಕಾರಿನ ನಡುವಿಗೂ ತಟ್ಟುತ್ತದೆ. ಉಳಿದದ್ದು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು. ಇನ್ನೂ 20 ಮಿಮೀ ತಗ್ಗಿಸಿದ್ದರೆ ಸೈಲೆನ್ಸರ್ ಪೈಪು ದಿಬ್ಬದ ಮೇಲೆಯೇ ಕೂರುತ್ತಿತ್ತು.

ಬೇಸ್‌ಮೆಂಟ್ ಪಾರ್ಕಿಂಗಿನ ಇಳಿಜಾರು ಅಷ್ಟು ಕೆಡುಕಿನದಲ್ಲ. ಅದೇ ಕಾರಿಗೆ ಇಳಿಜಾರಿನ ತುದಿಯಲ್ಲಿ ಹೊಟ್ಟೆ ತಾಗದೆ ದಾಟಬಲ್ಲ ಕೋನ 15 ಡಿಗ್ರಿಯಿಂದ ಸುಮಾರು 12.5ಕ್ಕೆ ಇಳಿಯುತ್ತದೆ. ಎಂಟಕ್ಕೆ ಒಂದರ ಇಳಿಜಾರು ಎಂದರೆ 7 ಡಿಗ್ರಿ ಅಷ್ಟೇ. ಅಲ್ಲಿ ಮೊದಲು ತಾಗುವುದು ಮುಂದಿನ ಬಂಪರಿನ ಕೆಳತುಟಿ.

ಯಾವ ಸಾಮಾನು

ಸ್ಪ್ರಿಂಗ್ ಕತ್ತರಿಸುವುದನ್ನು ಮೊದಲೇ ಬದಿಗಿಡಿ. ಆರು ಸುತ್ತು ಕೆಲಸ ಮಾಡುವ ಸ್ಪ್ರಿಂಗಿನಲ್ಲಿ ಒಂದು ಸುತ್ತು ಹೋದರೆ ಬಿರುಸು ಶೇ. 20 ಏರುತ್ತದೆ. ಅದನ್ನು ಹೇಗೋ ಸಹಿಸಬಹುದು. ಆದರೆ ಕತ್ತರಿಸಿದ ತುದಿ ಕೆಳಗಿನ ಸೀಟಿನಲ್ಲಿ (ಸ್ಪ್ರಿಂಗ್ ಕೂರುವ ತಟ್ಟೆ) ಸರಿಯಾಗಿ ಕೂರುವುದಿಲ್ಲ. ಚಕ್ರ ಗಾಳಿಯಲ್ಲಿ ಜೋತಾಗ ಸ್ಪ್ರಿಂಗ್ ಸಡಿಲಾಗಿ ಜಾಗ ಬಿಟ್ಟು ಹೊರಳುತ್ತದೆ. ಗ್ಯಾಸ್ ಟಾರ್ಚಿನಿಂದ ಕಾಯಿಸಿ ಕುಗ್ಗಿಸುವುದು ಇನ್ನೂ ಕೆಟ್ಟದ್ದು. ಉಕ್ಕಿನ ಹದ ಕೆಟ್ಟು ಕೆಲವು ತಿಂಗಳಲ್ಲಿ ಒಂದು ಬದಿ ಕುಸಿಯುತ್ತದೆ, ಇಲ್ಲವೇ ಘಾಟಿಯಲ್ಲೇ ತುಂಡಾಗುತ್ತದೆ.

ಸರಿಯಾದ ದಾರಿ ನಿಮ್ಮ ಕಾರಿನ ಮಾಡೆಲಿಗೆಂದೇ ಮಾಡಿದ ಲೋವರಿಂಗ್ ಸ್ಪ್ರಿಂಗ್, ಜೊತೆಗೆ ಅದಕ್ಕೆ ಹೊಂದುವ ಶಾಕ್. ಬಿರುಸು ಎಷ್ಟಿರಬೇಕು ಎಂಬುದನ್ನು ಲೆಕ್ಕ ಹಾಕಿಯೇ ಆರಿಸಿ. ಮುಂದಿನ ಒಂದು ಚಕ್ರದ ಮೇಲೆ ಬಾಡಿಯ ಭಾರ 300 ಕೆಜಿ, ಸ್ಪ್ರಿಂಗಿನ ಬಿರುಸು (ಒಂದು ಮಿಮೀ ಕುಗ್ಗಿಸಲು ಬೇಕಾದ ಬಲ) 20 ನ್ಯೂಟನ್/ಮಿಮೀ ಇದ್ದರೆ ಕಾರು ಸೆಕೆಂಡಿಗೆ 1.3 ಬಾರಿ ತೂಗುತ್ತದೆ. ಕಂಪನಿ ಕಾರುಗಳ ಹಿತವಾದ ಸವಾರಿ ಇದೇ ಆಸುಪಾಸಿನದು. ಬಿರುಸು ಶೇ. 30 ಏರಿಸಿ 26 ಮಾಡಿದರೆ 1.5 ಆಗುತ್ತದೆ, ಬಿಗಿ ಎನ್ನಿಸಿದರೂ ಕಿರಿಕಿರಿ ಅನ್ನಿಸುವುದಿಲ್ಲ. ರೇಸಿಂಗ್ ಕಾಯಿಲ್‌ಓವರಿನ (ಎತ್ತರ ಹೊಂದಿಸಲು ಬರುವ, ಸ್ಪ್ರಿಂಗ್ ಸುತ್ತಿದ ಶಾಕ್) ಜೊತೆ ಬರುವ 6 ಕೆಜಿ/ಮಿಮೀ ಸ್ಪ್ರಿಂಗ್ ಎಂದರೆ ಸುಮಾರು 59 ನ್ಯೂಟನ್/ಮಿಮೀ. ಅದು 2.2 ದಾಟುತ್ತದೆ. ಹಿಂದೆ ಕೂತ ಅಜ್ಜಿ ಪನ್ವೇಲ್ ದಾಟುವ ಮೊದಲೇ ಇಳಿಸಿ ಅನ್ನುತ್ತಾರೆ. ಕಾಯಿಲ್‌ಓವರೇ ಬೇಕೆಂದರೆ 3ರಿಂದ 4 ಕೆಜಿ/ಮಿಮೀ ಸ್ಪ್ರಿಂಗನ್ನು ಕೇಳಿ ತರಿಸಿ. ಇನ್ನೂ ಒಂದು ವಿಷಯ: ಶಾಕಿನ ಉದ್ದ ಮತ್ತು ಎತ್ತರವನ್ನು ಬೇರೆ ಬೇರೆಯಾಗಿ ಹೊಂದಿಸಲು ಬರುವ ಕಾಯಿಲ್‌ಓವರನ್ನೇ ಕೊಳ್ಳಿ. ಸ್ಪ್ರಿಂಗಿನ ಸೀಟನ್ನು ಮಾತ್ರ ಇಳಿಸುವ ಅಗ್ಗದವು ತಗ್ಗಿಸಿದಷ್ಟೂ ಬಂಪ್ ಜಾಗವನ್ನು ನುಂಗುತ್ತವೆ.

ಸ್ಪ್ರಿಂಗ್ ಶೇ. 30 ಬಿರುಸಾದರೆ ಕುಣಿತವನ್ನು ಮೊದಲಿನಷ್ಟೇ ಹಿಡಿದಿಡಲು ಶಾಕ್ ಸುಮಾರು ಶೇ. 14 ಹೆಚ್ಚು ತಡೆಯಬೇಕು. ಹೊಸ ಶಾಕ್ ಅಷ್ಟು ತಾಳಿಕೊಳ್ಳಬಹುದು. 60,000 ಕಿಮೀ ಓಡಿ ಎಣ್ಣೆ ಜಿನುಗುತ್ತಿರುವ ಶಾಕಿನ ಕೈಯಲ್ಲಿ ಆಗುವುದಿಲ್ಲ. ಶಾಕ್ ಕೊಳ್ಳುವಾಗ ಉದ್ದವನ್ನೂ ಗಮನಿಸಿ. ಬಿಲ್‌ಸ್ಟೈನ್‌ನಲ್ಲಿ ಬಿ6 ಕಂಪನಿ ಎತ್ತರದ ಕಾರಿಗೆ, ಬಿ8 ಗಿಡ್ಡ ಬಾಡಿಯದು, ತಗ್ಗಿಸಿದ ಕಾರಿಗೆ. 30 ಮಿಮೀ ಒಳಗಾದರೆ ಕಂಪನಿ ಉದ್ದದ ಹೊಸ ಶಾಕ್ ನಡೆಯುತ್ತದೆ. ಅದರಾಚೆ ಗಿಡ್ಡ ಶಾಕ್ ಬೇಕೇ ಬೇಕು.

ಇವುಗಳ ಜೊತೆಗೆ ಕೊಳ್ಳಬೇಕಾದವು: ಮುಂದಿನ ಎರಡೂ ಟಾಪ್ ಮೌಂಟ್ (ಶಾಕಿನ ಮೇಲ್ತುದಿಯನ್ನು ಕಾರಿಗೆ ಹಿಡಿಸುವುದು) ಮತ್ತು ಅವುಗಳ ಬೇರಿಂಗ್, ನಾಲ್ಕು ಬಂಪ್ ಸ್ಟಾಪ್, ಧೂಳು ತಡೆಯುವ ಬೂಟ್‌ಗಳು, ಹಿಂದಿನ ಸ್ಪ್ರಿಂಗಿನ ರಬ್ಬರ್ ಪ್ಯಾಡ್, ಸ್ಟೆಬಿಲೈಜರ್ (ಕಾರಿನ ವಾಲು ತಡೆಯುವ ಸರಳು) ಲಿಂಕ್. ಪುಣೆಯ ನಾನಾ ಪೇಠ್ ಅಥವಾ ಮುಂಬಯಿಯ ಆಪೇರಾ ಹೌಸ್ ಕಡೆಯ ಬಿಡಿಭಾಗದ ಅಂಗಡಿಗಳಲ್ಲಿ ವಿಚಾರಿಸುವಾಗ ಕಾರಿನ ವರ್ಷ, ಎಂಜಿನ್ ಎರಡನ್ನೂ ಹೇಳಿ. ಡೀಸೆಲ್ ಎಂಜಿನ್ ಭಾರ ಹೆಚ್ಚು, ಮುಂದಿನ ಸ್ಪ್ರಿಂಗ್ ಬೇರೆ. ಪೆಟ್ರೋಲ್ ಕಾರಿನದನ್ನು ಡೀಸೆಲಿಗೆ ಹಾಕಿದರೆ ಮೂತಿ ಇನ್ನಷ್ಟು ಬಾಗುತ್ತದೆ.

ರಿಮ್ ಮತ್ತು ಟಯರಿನ ಲೆಕ್ಕ

ಉಜ್ಜುವ ಕಾರುಗಳಲ್ಲಿ ತಪ್ಪು ಹೆಚ್ಚಾಗಿ ಸ್ಪ್ರಿಂಗಿನದಲ್ಲ, ಅಲಾಯ್ ರಿಮ್ಮಿನದು. 6ಜೆ (6 ಇಂಚು) ಅಗಲ, ಇಟಿ40 ಆಫ್‌ಸೆಟ್‌ನ (ಹಬ್ಬಿಗೆ ಕೂರುವ ಮುಖ ರಿಮ್ಮಿನ ನಡುಗೆರೆಯಿಂದ 40 ಮಿಮೀ ಹೊರಗಿರುವ) ರಿಮ್ ತೆಗೆದು 7ಜೆ, ಇಟಿ35 ಹಾಕಿದಿರಿ ಎನ್ನಿ. ಒಂದು ಇಂಚು 25.4 ಮಿಮೀ. ಹಳೆಯ ರಿಮ್ಮಿನ ಅರ್ಧ ಅಗಲ 76.2, ಅದರಲ್ಲಿ 40 ಕಳೆದರೆ ಹಬ್ಬಿನಿಂದ ಹೊರಕ್ಕೆ 36.2 ಮಿಮೀ. ಹೊಸದರ ಅರ್ಧ 88.9, ಅದರಲ್ಲಿ 35 ಕಳೆದರೆ 53.9. ಹೊರಗಡೆ 17.7 ಮಿಮೀ ಚಾಚಿತು, ಒಳಗಡೆಯೂ ಶಾಕಿನ ಕಡೆಗೆ 7.7 ಮಿಮೀ ಸರಿಯಿತು. ಅದರ ಬದಲು 6.5ಜೆ, ಇಟಿ38 ಆರಿಸಿದ್ದರೆ ಹೊರಗೆ 8.4, ಒಳಗೆ 4.4 ಮಾತ್ರ. ತಗ್ಗಿಸುವ ಕಾರಿಗೆ ಎರಡನೆಯದೇ ಸರಿ. ಶಾಕಿನ ಬಾಡಿ ಅಥವಾ ಸ್ಪ್ರಿಂಗ್ ಸೀಟಿಗೂ ಟಯರಿಗೂ ನಡುವೆ ಕನಿಷ್ಠ 5 ಮಿಮೀ ಉಳಿಯಬೇಕು.

ಟಯರಿನ ಎತ್ತರವನ್ನು ಮೂಲದ ಹತ್ತಿರವೇ ಇಡಿ. 185/65 ಆರ್15 ಎಂದರೆ ಅಗಲ 185 ಮಿಮೀ, ಸೈಡ್‌ವಾಲ್ ಎತ್ತರ ಅದರ ಶೇ. 65, ರಿಮ್ 15 ಇಂಚು. ಅದರ ವ್ಯಾಸ 621.5 ಮಿಮೀ, 195/55 ಆರ್16ರದು 620.9. ಸ್ಪೀಡೋಮೀಟರ್ ತಪ್ಪುವುದಿಲ್ಲ. 205/50 ಆರ್16 ಆದರೆ 611.4, ತ್ರಿಜ್ಯದಲ್ಲಿ 5 ಮಿಮೀ ಜಾಗ ಸಿಗುತ್ತದೆ, ಆದರೆ ಟಯರ್ ಅಗಲವಾಗುತ್ತದೆ. ಗ್ರೌಂಡ್ ಕ್ಲಿಯರೆನ್ಸೂ ಅಷ್ಟೇ ಇಳಿಯುತ್ತದೆ ಎಂಬುದನ್ನು ಮರೆಯಬೇಡಿ. ಸೈಡ್‌ವಾಲ್ ತೆಳ್ಳಗಾದಷ್ಟೂ ಮಳೆಗಾಲದ ಗುಂಡಿಗಳಲ್ಲಿ ರಿಮ್ ಬಾಗುವ ಭಯ ಹೆಚ್ಚು. 55ಕ್ಕಿಂತ ಕೆಳಗೆ ಹೋಗದಿರುವುದು ಲೇಸು. ರಿಮ್ಮನ್ನು ಹೊರಕ್ಕೆ ತಳ್ಳುವ ವೀಲ್ ಸ್ಪೇಸರ್ ಬೇಡ.

ಪಾನಾ ಹಿಡಿಯುವ ಮೊದಲು

ಟಯರಿನ ಗಾಳಿ ಸರಿಮಾಡಿ, ಟ್ಯಾಂಕ್ ತುಂಬಿಸಿ, ಕಾರನ್ನು ಮಟ್ಟಸವಾದ ನೆಲದಲ್ಲಿ ನಿಲ್ಲಿಸಿ. ನೆಲದ ಮಟ್ಟ ಅನುಮಾನವಾದರೆ ಗಾರೆಯವರ ನೀರಿನ ಪೈಪು ಸಾಕು. ಪ್ರತಿ ಚಕ್ರದ ಹಬ್ಬಿನ ಮಧ್ಯದಿಂದ ಮಡ್‌ಗಾರ್ಡಿನ ಅಂಚಿಗೆ ಎಷ್ಟಿದೆ ಎಂದು ಅಳೆದು ಬರೆದಿಡಿ. ನೆಲದಿಂದ ಅಳೆದರೆ ಟಯರ್ ಸವೆತ, ಗಾಳಿ ಎಲ್ಲ ಸೇರಿ ಲೆಕ್ಕ ಕೆಡುತ್ತದೆ. ಎಡಬಲ 5 ಮಿಮೀಗಿಂತ ಹೆಚ್ಚು ವ್ಯತ್ಯಾಸ ಈಗಲೇ ಇದ್ದರೆ ಬುಷ್ (ಜೋಡಣೆಯೊಳಗಿನ ರಬ್ಬರ್) ಅಥವಾ ಸ್ಪ್ರಿಂಗ್ ಹೋಗಿದೆ ಎಂದರ್ಥ, ಮೊದಲು ಅದನ್ನು ನೋಡಿ. ಚಕ್ರವನ್ನು ಕೆಳಗಿನಿಂದ ಹಿಡಿದಿಡುವ ಲೋವರ್ ಆರ್ಮ್ ಯಾವ ಕಡೆಗೆ ವಾಲಿದೆ ಎಂದೂ ಬಗ್ಗಿ ನೋಡಿ. ಒಳಗಿನ ಬೋಲ್ಟಿಗಿಂತ ಹೊರಗಿನ ಬಾಲ್ ಜಾಯಿಂಟ್ ಕೆಳಗಿರಬೇಕು, ತಗ್ಗಿಸಿದ ಮೇಲೂ ಹೆಚ್ಚೆಂದರೆ ಸಮವಾಗಬೇಕು. ಜಾಯಿಂಟ್ ಮೇಲೇರಿಬಿಟ್ಟರೆ ರೋಲ್ ಸೆಂಟರ್ (ತಿರುವಿನಲ್ಲಿ ಕಾರು ವಾಲುವ ಕೇಂದ್ರಬಿಂದು) ಕಾರಿನ ಬಾಡಿಗಿಂತ ಬೇಗ ಕುಸಿದು, ತಗ್ಗಿಸಿದ ಕಾರು ತಿರುವಿನಲ್ಲಿ ಮೊದಲಿಗಿಂತ ಹೆಚ್ಚು ವಾಲುತ್ತದೆ.

ಮುಂದಿನ ಚಕ್ರಗಳು

ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ವೀಲ್ ನಟ್ಟುಗಳನ್ನು ನೆಲದ ಮೇಲೆಯೇ ಕಾಲು ಸುತ್ತು ಸಡಿಲಿಸಿ. ಜಾಕಿನಲ್ಲಿ ಎತ್ತಿ ಎರಡೂ ಬದಿಗೆ ಆಕ್ಸಲ್ ಸ್ಟ್ಯಾಂಡ್ ಕೊಡಿ. ಬರೀ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ಕೈಯನ್ನೂ ಹಾಕಬೇಡಿ.

ಶಾಕಿಗೆ ಸಿಕ್ಕಿಸಿರುವ ಎಬಿಎಸ್ ವೈರು, ಬ್ರೇಕ್ ಹೋಸನ್ನು ಮೊದಲು ಬಿಡಿಸಿ. ಸ್ಟೆಬಿಲೈಜರ್ ಲಿಂಕಿನ ನಟ್ಟು ತೆಗೆಯುವಾಗ ನಡುವಿನ ಪಿನ್ನು ಜೊತೆಗೇ ತಿರುಗುತ್ತದೆ, ಅದನ್ನು ಆಲನ್ ಕೀಯಿಂದ ಹಿಡಿಯಿರಿ. ಶಾಕ್ ಮತ್ತು ನಕಲ್ (ಚಕ್ರದ ಹಬ್ಬನ್ನು ಹೊತ್ತ ತುಂಡು) ಸೇರುವ ಎರಡು ಬೋಲ್ಟುಗಳ ಸುತ್ತ ಪೇಂಟಿನ ಗುರುತು ಹಾಕಿ ಬಿಚ್ಚಿ. ಕೆಲವು ಯುರೋಪಿಯನ್ ಮೂಲದ ಕಾರುಗಳಲ್ಲಿ ಬೋಲ್ಟುಗಳ ಬದಲು ಶಾಕ್ ನಕಲ್ಲಿನ ತೂತಿನೊಳಗೆ ಕೂತಿರುತ್ತದೆ. ಅಲ್ಲಿನ ಸೀಳನ್ನು ಅಗಲಿಸುವ ಟೂಲ್ ಇಲ್ಲದೆ ಸುತ್ತಿಗೆ ಎತ್ತಬೇಡಿ. ನಕಲ್ ಹೊರಗೆ ವಾಲಿ ಡ್ರೈವ್ ಶಾಫ್ಟ್ ಎಳೆಯದಂತೆ ತಂತಿ ಕಟ್ಟಿ ನಿಲ್ಲಿಸಿ, ಬಾನೆಟ್ ಒಳಗಿನ ಮೌಂಟ್ ನಟ್ಟುಗಳನ್ನು ಬಿಚ್ಚಿ ಶಾಕನ್ನು ಇಡಿಯಾಗಿ ಕೆಳಗಿಳಿಸಿ. ನಡುವಿನ ದೊಡ್ಡ ನಟ್ಟನ್ನು ಈಗ ಮುಟ್ಟಕೂಡದು. ಸ್ಪ್ರಿಂಗಿನ ಪೂರ್ತಿ ಬಲ ಅದರ ಮೇಲಿದೆ.

ಎರಡು ಸ್ಪ್ರಿಂಗ್ ಕಂಪ್ರೆಸರುಗಳನ್ನು ಎದುರುಬದುರಾಗಿ ಹಾಕಿ, ಎರಡನ್ನೂ ಸರದಿಯಂತೆ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಸ್ಪ್ರಿಂಗ್ ಮೇಲಿನ ಸೀಟಿನಿಂದ ಬಿಟ್ಟುಕೊಂಡು ಕೈಗೆ ಅಲುಗಾಡಿದ ಮೇಲಷ್ಟೇ ನಡುವಿನ ನಟ್ಟು. ಮುಖ ಸ್ಪ್ರಿಂಗಿನ ತುದಿಗೆ ನೇರವಾಗಿ ಇರಬಾರದು. ಜೋಡಿಸುವಾಗ ಇಂಪ್ಯಾಕ್ಟ್ ಗನ್ ಬಳಸಿದರೆ ರಾಡ್ ರಭಸದಿಂದ ತಿರುಗಿ ಹೊಸ ಶಾಕಿನ ಸೀಲ್ ಕೆಡುತ್ತದೆ. ರಾಡನ್ನು ಆಲನ್ ಕೀಯಿಂದ ಹಿಡಿದು ಕೈಯಲ್ಲೇ ಬಿಗಿಯಿರಿ. ರಾಡಿನ ಹೊಳಪು ಭಾಗವನ್ನು ಇಕ್ಕಳದಲ್ಲಿ ಹಿಡಿಯುವ ಮಿಸ್ತ್ರಿಯಿಂದ ಕಾರನ್ನು ವಾಪಸ್ ತೆಗೆದುಕೊಂಡು ಬನ್ನಿ. ಸ್ಪ್ರಿಂಗಿನ ತುದಿ ಕೆಳಗಿನ ಸೀಟಿನ ಮೆಟ್ಟಿಲಿಗೆ ತಾಗಿ ಕೂರಬೇಕು.

ಬಂಪ್ ಸ್ಟಾಪನ್ನು ಎಷ್ಟು ಕತ್ತರಿಸಬೇಕು? ಕಿಟ್ಟಿನಲ್ಲಿ ಹೇಳಿದ್ದರೆ ಅಷ್ಟೇ. ಹೇಳದಿದ್ದರೆ ತಗ್ಗಿಸಿದ್ದರ ಅರ್ಧ, 30ಕ್ಕೆ 15 ಮಿಮೀ. ಕತ್ತರಿಸುವುದು ಮೇಲಿನ ದಪ್ಪ ಕಡೆಯಿಂದ. ಕೆಳಗಿನ ಸಪೂರ ತುದಿಯೇ ಮೆತ್ತಗಿರುವುದು, ಏಟನ್ನು ಮೆಲ್ಲಗೆ ಹಿಡಿಯುವುದು. ಪೂರ್ತಿ ತೆಗೆದುಹಾಕಿದರೆ ಶಾಕಿನ ಒಳಗಿನ ವಾಲ್ವು ಲೋಹಕ್ಕೆ ಬಡಿಯುತ್ತದೆ, ಟಯರ್ ಮಡ್‌ಗಾರ್ಡಿಗೆ ಬಡಿಯುತ್ತದೆ.

ಸ್ಪ್ರಿಂಗಿಲ್ಲದೆ ಒಂದು ಪರೀಕ್ಷೆ

ಗ್ಯಾರೇಜುಗಳು ಬಹುತೇಕ ಬಿಟ್ಟುಬಿಡುವ ಹಂತ ಇದು. ಸ್ಪ್ರಿಂಗ್ ಹಾಕದೆ, ಟಾಪ್ ಮೌಂಟ್ ಮತ್ತು ಕತ್ತರಿಸಿದ ಬಂಪ್ ಸ್ಟಾಪ್ ಮಾತ್ರ ಇಟ್ಟು ಶಾಕನ್ನು ಕಾರಿಗೆ ಜೋಡಿಸಿ. ಚಕ್ರ ಹಾಕಿ. ಲೋವರ್ ಆರ್ಮಿನ ಹೊರತುದಿಗೆ ಜಾಕ್ ಕೊಟ್ಟು, ಕಾರು ಸ್ಟ್ಯಾಂಡಿನಿಂದ ಇನ್ನೇನು ಏಳಬೇಕು ಎನ್ನುವ ತನಕ ಎತ್ತಿ. ಬಂಪ್ ಸ್ಟಾಪ್ ಅರ್ಧಕ್ಕಿಂತ ಹೆಚ್ಚು ಕುಗ್ಗಿರುತ್ತದೆ. ಈಗ ಸ್ಟೀರಿಂಗನ್ನು ಈ ಕೊನೆಯಿಂದ ಆ ಕೊನೆಗೆ ತಿರುಗಿಸುತ್ತ ಟಾರ್ಚ್ ಬಿಟ್ಟು ನೋಡಿ. ಓಡುವಾಗ ಗುಂಡಿಯ ಏಟಿಗೆ ಇನ್ನೂ ಸ್ವಲ್ಪ ಮೇಲೇರುತ್ತದೆ, ಆದ್ದರಿಂದ ಎಲ್ಲ ಕಡೆ ಕನಿಷ್ಠ 6ರಿಂದ 8 ಮಿಮೀ ಬಿಡುವು ಬೇಕು. ಪ್ಲಾಸ್ಟಿಕ್ ಲೈನರ್ ತಾಗಿದರೆ ಹೀಟ್ ಗನ್ನಿನಿಂದ ಬೆಚ್ಚಗೆ ಮಾಡಿ ಒಳಕ್ಕೆ ಒತ್ತಬಹುದು. ಬಂಪರಿನ ಸ್ಕ್ರೂ ತಲೆ ತಾಗಿದರೆ ಚಪ್ಪಟೆ ತಲೆಯದನ್ನು ಹಾಕಿ. ತಗಡೇ ತಾಗುತ್ತಿದ್ದರೆ ಬಂಪ್ ಸ್ಟಾಪನ್ನು ಅಷ್ಟು ಕತ್ತರಿಸಬಾರದಿತ್ತು, ಅಥವಾ ರಿಮ್ ಬದಲಿಸಬೇಕು.

ಮಡ್‌ಗಾರ್ಡಿನ ಅಂಚನ್ನು ಮಡಿಸುವುದು ಕೊನೆಯ ಉಪಾಯ. ಹಿಂದಿನ ಅಂಚು ಎರಡು ತಗಡು ಸೇರಿಸಿ ವೆಲ್ಡ್ ಮಾಡಿದ್ದು, ನಡುವೆ ಸೀಲರ್ ಇರುತ್ತದೆ. ಮಡಿಸಿದಾಗ ಸೀಲರ್ ಬಿರಿಯುತ್ತದೆ, ಕೊಂಕಣದ ಮಳೆ ಆ ಬಿರುಕಿನಲ್ಲಿ ಇಳಿದು ಎರಡನೇ ವರ್ಷಕ್ಕೆ ಪೇಂಟ್ ಗುಳ್ಳೆ ಏಳುತ್ತದೆ. ಮಾಡಲೇಬೇಕಾದರೆ ಪೇಂಟ್ ಕೈಗೆ ಚುರುಕ್ಕೆನ್ನುವಷ್ಟು ಕಾಯಿಸಿ, ರೋಲರಿನಲ್ಲಿ ನಾಲ್ಕೈದು ಸುತ್ತಿನಲ್ಲಿ ಮೆಲ್ಲಗೆ ಮಡಿಸಿ, ಆಮೇಲೆ ಹೊಸ ಸೀಮ್ ಸೀಲರ್ ಬಳಿಯಿರಿ.

ಹಿಂದಿನ ಚಕ್ರಗಳು

ಟ್ವಿಸ್ಟ್ ಬೀಮ್ (ಎರಡೂ ಹಿಂಚಕ್ರಗಳನ್ನು ಸೇರಿಸುವ, ತಿರುಚಬಲ್ಲ ತೊಲೆ) ಇರುವ ಕಾರುಗಳಲ್ಲಿ ಇದು ಸುಲಭ. ಬೀಮಿಗೆ ಜಾಕ್ ಕೊಟ್ಟು ಎರಡೂ ಶಾಕಿನ ಕೆಳಬೋಲ್ಟ್ ತೆಗೆದು ನಿಧಾನ ಇಳಿಸಿದರೆ ಸ್ಪ್ರಿಂಗ್ ಕೈಗೆ ಬರುತ್ತದೆ. ಬ್ರೇಕ್ ಹೋಸು ಬಿಗಿಯುತ್ತಿದೆಯೇ ಎಂದು ಮಾತ್ರ ನೋಡುತ್ತಿರಿ. ಸ್ಪ್ರಿಂಗಿಲ್ಲದ ಪರೀಕ್ಷೆಯನ್ನು ಇಲ್ಲಿ ಎರಡು ಬಾರಿ ಮಾಡಿ: ಎರಡೂ ಬದಿ ಒಟ್ಟಿಗೆ ಎತ್ತಿ ಒಮ್ಮೆ, ಒಂದೇ ಬದಿ ಎತ್ತಿ ಇನ್ನೊಮ್ಮೆ. ಬೀಮ್ ತಿರುಚಿದಾಗ ಟಯರಿನ ವಾಲು ಬೇರೆಯಾಗುತ್ತದೆ. ಸಾಮಾನ್ಯವಾಗಿ ಎರಡನೆಯದರಲ್ಲೇ ಉಜ್ಜುವುದು.

ಎಬಿಎಸ್ ಇಲ್ಲದ ಕೆಲವು ಹಳೆಯ ಕಾರುಗಳಲ್ಲಿ ಹಿಂದಿನ ಆಕ್ಸಲಿಗೆ ಸರಳೊಂದು ಜೋಡಿಸಿದ ಬ್ರೇಕ್ ವಾಲ್ವ್ ಇರುತ್ತದೆ. ಹಿಂಭಾಗ ತಗ್ಗಿದರೆ ಅದು ಕಾರಿನಲ್ಲಿ ಭಾರವಿದೆ ಎಂದು ತಿಳಿದು ಹಿಂದಿನ ಬ್ರೇಕಿಗೆ ಒತ್ತಡ ಹೆಚ್ಚಿಸುತ್ತದೆ. ಮಳೆಯಲ್ಲಿ ಹಿಂದಿನ ಚಕ್ರ ಲಾಕ್ ಆಗಿ ಕಾರು ಜಾರುವುದು ಹೀಗೆ. ಸರಳಿನ ಉದ್ದವನ್ನು ಹೊಸ ಎತ್ತರಕ್ಕೆ ಹೊಂದಿಸಲೇಬೇಕು.

ರಬ್ಬರ್ ಬುಷ್ ಇರುವ ಬೋಲ್ಟುಗಳನ್ನೆಲ್ಲ ಕೊನೆಗೆ, ಕಾರಿನ ಭಾರ ಚಕ್ರದ ಮೇಲೆ ಕೂತ ಬಳಿಕವೇ ಪೂರ್ತಿ ಬಿಗಿಯಿರಿ. ಚಕ್ರ ಜೋತಾಡುವಾಗ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಸವಾರಿ ಬಿರುಸಾಗುತ್ತದೆ, ಬೇಗ ಹರಿಯುತ್ತದೆ. ಟಾರ್ಕ್ ಸಂಖ್ಯೆಗಳನ್ನು ನಿಮ್ಮ ಕಾರಿನ ಸರ್ವಿಸ್ ಮ್ಯಾನ್ಯುಯಲ್ಲಿನಿಂದ ತೆಗೆದುಕೊಳ್ಳಿ, ಅಂದಾಜು ಬೇಡ.

ಅಲೈನ್‌ಮೆಂಟ್

ಹೊಸ ಸ್ಪ್ರಿಂಗ್ ಮೊದಲ ಕೆಲವು ದಿನಗಳಲ್ಲಿ ಇನ್ನೂ ಕೆಲವು ಮಿಮೀ ಕೂರುತ್ತದೆ. ಕೆಲಸ ಮುಗಿದ ದಿನ ಟೋ (ಮೇಲಿನಿಂದ ನೋಡಿದಾಗ ಚಕ್ರಗಳ ಮುಂತುದಿ ಒಳಕ್ಕೋ ಹೊರಕ್ಕೋ ತಿರುಗಿರುವುದು) ಒಂದನ್ನು ಸರಿಮಾಡಿಸಿ, 300ರಿಂದ 500 ಕಿಮೀ ಓಡಿದ ಮೇಲೆ ಪೂರ್ತಿ ಅಲೈನ್‌ಮೆಂಟ್ ಮಾಡಿಸಿ. 30 ಮಿಮೀಗೆ ಮುಂದಿನ ಕ್ಯಾಂಬರ್, ಅಂದರೆ ಚಕ್ರದ ಮೇಲ್ತುದಿಯ ವಾಲು, ಅರ್ಧ ಡಿಗ್ರಿಯಷ್ಟು ಒಳಕ್ಕೆ ಹೋಗುತ್ತದೆ. ಮೈನಸ್ 1.5 ತನಕ ಚಿಂತೆಯಿಲ್ಲ. ಟಯರನ್ನು ತಿನ್ನುವುದು ಟೋ. ಎರಡೂ ಚಕ್ರ ಸೇರಿ ಸೊನ್ನೆಯಿಂದ 2 ಮಿಮೀ ಟೋ-ಇನ್ ಒಳಗೆ ನಿಲ್ಲಿಸಿ. ಎಡಬಲದ ಕ್ಯಾಂಬರ್ ಅರ್ಧ ಡಿಗ್ರಿಗಿಂತ ಹೆಚ್ಚು ಬೇರೆಯಿದ್ದರೆ ಎಕ್ಸೆಂಟ್ರಿಕ್ ಕ್ಯಾಂಬರ್ ಬೋಲ್ಟ್ ಹಾಕಿಸಿ. ಹೆಡ್‌ಲೈಟಿನ ಎತ್ತರವನ್ನೂ ಅಲ್ಲೇ ಸರಿಮಾಡಿಸಿಕೊಳ್ಳಿ.

ಭಾರ ಹೊತ್ತು ಓಡಿಸಿ ನೋಡಿ

ಹಿಂದಿನ ಆಕ್ಸಲಿನ ಮೇಲೆ 200 ಕೆಜಿ ಬಿದ್ದರೆ ಪ್ರತಿ ಚಕ್ರಕ್ಕೆ 980 ನ್ಯೂಟನ್. 22 ನ್ಯೂಟನ್/ಮಿಮೀ ಸ್ಪ್ರಿಂಗ್ ಅದಕ್ಕೆ 45 ಮಿಮೀ ಕುಸಿಯುತ್ತದೆ, 28ರದು 35 ಮಿಮೀ. ಹಿಂದೆ ಇಬ್ಬರನ್ನು ಕೂರಿಸಿ, ಡಿಕ್ಕಿಯಲ್ಲಿ 25 ಕೆಜಿಯ ಮೂರು ಅಕ್ಕಿ ಚೀಲ ಇಟ್ಟು ಹೊರಡಿ. ಟಯರಿನ ಭುಜಕ್ಕೆ ಸೀಮೆಸುಣ್ಣ ಬಳಿದು, ಶಾಕಿನ ರಾಡಿಗೆ ಸಣ್ಣ ಕೇಬಲ್ ಟೈ ಕಟ್ಟಿ ಶಾಕಿನ ಬಾಡಿಗೆ ತಾಗುವಂತೆ ತಳ್ಳಿ. ಪುಣೆಯವರಿಗೆ ಹಳೆ ಕಾತ್ರಜ್ ಘಾಟಿ, ಗೋವಾದವರಿಗೆ ಚೋರ್ಲಾ ಘಾಟಿ, ಮುಂಬಯಿಯವರಿಗೆ ಖಂಡಾಲದ ಹಳೆ ಹೆದ್ದಾರಿ ಸಾಕು. ವಾಪಸ್ ಬಂದಾಗ ಕೇಬಲ್ ಟೈ ಎಷ್ಟು ಮೇಲೆ ಹೋಗಿದೆ ಎಂಬುದೇ ಉತ್ತರ. ಬಂಪ್ ಸ್ಟಾಪಿಗೆ ಅಲ್ಲೊಮ್ಮೆ ಇಲ್ಲೊಮ್ಮೆ ತಾಗಿ ಸ್ವಲ್ಪ ಒತ್ತಿದ್ದರೆ ಸರಿ. ಅದನ್ನು ಪೂರ್ತಿ ಹಿಂಡಿದ್ದರೆ ಹಿಂದಿನ ಸ್ಪ್ರಿಂಗಿನ ಕೆಳಗೆ 8ರಿಂದ 10 ಮಿಮೀ ದಪ್ಪದ ರಬ್ಬರ್ ಪ್ಯಾಡ್ ಕೊಟ್ಟು ಹಿಂಭಾಗವನ್ನು ಸ್ವಲ್ಪ ಎತ್ತಿ. ಸೀಮೆಸುಣ್ಣ ಅಳಿಸಿದ ಜಾಗ ಉಜ್ಜಿದ ಜಾಗ.

ಸದ್ದುಗಳು ಬಂದರೆ: ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದಾಗ 'ಟಣ್' ಎಂದು ಸ್ಪ್ರಿಂಗ್ ಜಿಗಿದರೆ ಟಾಪ್ ಮೌಂಟ್ ಬೇರಿಂಗ್ ತಿರುಗುತ್ತಿಲ್ಲ, ಅಥವಾ ಸ್ಪ್ರಿಂಗ್ ತುದಿ ಸೀಟಿನಲ್ಲಿಲ್ಲ. ಸಣ್ಣ ಗುಂಡಿಗಳಲ್ಲಿ ಟಕ್ ಟಕ್ ಎಂದರೆ ಲಿಂಕಿನ ನಟ್ಟನ್ನೋ ನಡುವಿನ ನಟ್ಟನ್ನೋ ನೋಡಿ. ಹಂಪ್ ಇಳಿದ ಮೇಲೂ ಕಾರು ಎರಡು ಸಲ ಕುಣಿದರೆ ಶಾಕ್ ಸೋತಿದೆ. ಸವಾರಿ ಬಿರುಸೆಂದು ಟಯರಿನ ಗಾಳಿ ಇಳಿಸಬೇಡಿ, ಗುಂಡಿಯಲ್ಲಿ ರಿಮ್ ಹೋಗುತ್ತದೆ.

ಕಾಗದಪತ್ರ, ಮತ್ತು ಉಪ್ಪುಗಾಳಿ

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೂ ಆರ್‌ಸಿಗೂ ತಾಳೆಯಾಗದಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಕಟ್ಟುನಿಟ್ಟಾಗಿ ಎತ್ತಿಹಿಡಿದಿದೆ. ಅದೇ ವರ್ಷ ತಿದ್ದುಪಡಿಯಾದ ಕಾಯ್ದೆಯಲ್ಲಿ ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಕೆಲಸಕ್ಕೆ ಮೊದಲೇ ಆರ್‌ಟಿಒ ಕಚೇರಿಯಲ್ಲಿ ಕೇಳಿ, ವಿಮಾ ಕಂಪನಿಗೆ ಬರವಣಿಗೆಯಲ್ಲಿ ತಿಳಿಸಿ. ಇದನ್ನು ಬಿಟ್ಟರೆ ಅಪಘಾತದ ಕ್ಲೇಮ್ ಹೊತ್ತಿಗೆ ತಕರಾರು ಏಳುತ್ತದೆ.

ಕಡಲ ಹತ್ತಿರದವರಿಗೆ ಇನ್ನೊಂದು ಕೆಲಸ. ಕಾಯಿಲ್‌ಓವರಿನ ತಿರುಪು ಗೆರೆಗಳಲ್ಲಿ ಉಪ್ಪು, ಕೆಸರು ಸೇರಿ ಒಂದೇ ಮಳೆಗಾಲದಲ್ಲಿ ಎತ್ತರ ಹೊಂದಿಸುವ ರಿಂಗು ಅಂಟಿಕೊಳ್ಳುತ್ತದೆ. ಮೇ ತಿಂಗಳಲ್ಲಿ ಬ್ರಷ್ ಹಾಕಿ ತೊಳೆದು, ಒಣಗಿಸಿ, ಆಂಟಿ-ಸೀಜ್ ಪೇಸ್ಟ್ ಬಳಿಯಿರಿ. ಅಕ್ಟೋಬರಿನಲ್ಲಿ ಮತ್ತೊಮ್ಮೆ. ತೆಗೆದ ಕಂಪನಿ ಸ್ಪ್ರಿಂಗುಗಳಿಗೆ ಎಣ್ಣೆ ಸವರಿ, ಎಡ, ಬಲ, ಮುಂದೆ, ಹಿಂದೆ ಎಂದು ಚೀಟಿ ಅಂಟಿಸಿ ಎತ್ತಿಡಿ. ಕಾರು ಮಾರುವಾಗ ಕೊಳ್ಳುವವರು ಅವನ್ನೇ ಕೇಳುತ್ತಾರೆ.